ಕೆಳದನಿಯ ಪದ್ಮಾವತಿ

ಮೈಸೂರಿನಲ್ಲಿ ‘ಮೂರೆಳೆ’ ಎಂಬ ಹೆಸರಿನ ಹಾಡುವ ತಂಡವೊಂದಿತ್ತು. ಮೂವರೇ ಹೆಂಗಸರು. ತಬಲವಿಲ್ಲ, ಹಾರ್ಮೋನಿಯಂ ಇಲ್ಲ. ಅವರಲ್ಲಿ ಹಿರಿಯಳಾದ ಚಾಮುಂಡೇಶ್ವರಿ ಹಾಡನ್ನು ಎತ್ತಿಕೊಂಡು ಮೇಲಿನ ದನಿಯಲ್ಲಿ ಹೊರಟರೆ, ಗಿರಿಜಾಂಬಾ ಅದೇ ಮಾತನ್ನು ನಡುದನಿಯಲ್ಲಿ ಹಿಡಿಯುವಳು. ಪದ್ಮಾವತಿ ಇಬ್ಬರಿಗಿಂತ ಕೆಳಗೆ, ಬೇರೆಯೇ ಸ್ವರಗಳಲ್ಲಿ, ಜೊತೆಜೊತೆಗೇ ಬರುವಳು. ಮೂರು ದನಿ ಕೂಡಿದಾಗ ಕೇಳುವವರಿಗೆ ಸಭೆಯ ತುಂಬ ಜನ ಹಾಡುತ್ತಿರುವಂತೆ ಅನ್ನಿಸುತ್ತಿತ್ತು. ಹಾಡು ಮುಗಿದ ಮೇಲೆ ಜನ ಚಾಮುಂಡೇಶ್ವರಿಯ ಕೈ ಹಿಡಿದು ಮಾತಾಡಿಸುತ್ತಿದ್ದರು. ಪದ್ಮಾವತಿ ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದು ನಿಂತಿರುತ್ತಿದ್ದಳು. ಇಪ್ಪತ್ತೆರಡು ವರ್ಷ ವೇದಿಕೆ ಹತ್ತಿದರೂ ಅವಳು ಒಂದೇ ಒಂದು ಹಾಡನ್ನು ತಾನಾಗಿ ಎತ್ತಿಕೊಂಡವಳಲ್ಲ. ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ.

ಅವಳ ಅಪ್ಪ ಸಣ್ಣಯ್ಯ ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯೊಂದರಿಂದ ಬಂದು, ಮಂಡಿ ಮೊಹಲ್ಲಾದ ಸಗಟು ಅಂಗಡಿಗಳಲ್ಲಿ ಮೂಟೆ ಹೊತ್ತು ಮಕ್ಕಳನ್ನು ಸಾಕಿದವರು. ಮನೆ ಅಶೋಕಪುರಂನಲ್ಲಿ. ತಾಯಿ ಸೋಮಮ್ಮ ಊರಿನಲ್ಲಿ ನಾಟಿ ಹಾಕುವಾಗ ಕಲಿತ ಪದಗಳನ್ನು ಪಟ್ಟಣಕ್ಕೆ ಬಂದ ಮೇಲೂ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಹಾಡುತ್ತಿದ್ದಳು. ಆಕೆಯ ಗಂಟಲು ದಪ್ಪ. ಗಂಡಸರ ದನಿಯ ಹಾಗೆ ಇದೆಯೆಂದು ನೆರೆಯವರು ನಗುತ್ತಿದ್ದರು. ಆ ಗಂಟಲು ಮಗಳಿಗೂ ಬಂತು. ಶಾಲೆಯಲ್ಲಿ ಪ್ರಾರ್ಥನೆ ಹೇಳುವ ಸಾಲಿನಿಂದ ಮೇಡಮ್ಮು ಅವಳನ್ನು ಹಿಂದಕ್ಕೆ ಕಳಿಸಿದ್ದರು. ಅಂದಿನಿಂದ ಅವಳು ಬಾಯಿ ಬಿಟ್ಟು ಹಾಡುವುದನ್ನೇ ಬಿಟ್ಟಿದ್ದಳು.

ಮತ್ತೆ ಹಾಡುವಂತೆ ಮಾಡಿದ್ದು ಮಗ್ಗದ ಗದ್ದಲ. ಎಸ್ಸೆಸ್ಸೆಲ್ಸಿ ಆದಮೇಲೆ, ಹದಿನೆಂಟನೇ ವಯಸ್ಸಿಗೆ, ಮಂಡಿ ಮೊಹಲ್ಲಾದ ಹಿಂದಿನ ಗಲ್ಲಿಯೊಂದರಲ್ಲಿದ್ದ ಮಗ್ಗದ ಶೆಡ್ಡಿಗೆ ಅವಳು ಕೆಲಸಕ್ಕೆ ಸೇರಿದಳು. ತಗಡಿನ ಸೂರು, ಹದಿನಾರು ವಿದ್ಯುತ್ ಮಗ್ಗ. ಹದಿನಾರರ ಲಾಳಿಗಳೂ ಒಟ್ಟಿಗೆ ಬಡಿದಾಡುವಾಗ ಪಕ್ಕದಲ್ಲಿ ನಿಂತವರ ಮಾತು ತುಟಿ ನೋಡಿ ತಿಳಿದುಕೊಳ್ಳಬೇಕು. ಕೆಲಸ ಬಿಟ್ಟು ಮನೆಗೆ ಹೋದರೂ ಊಟ ಮುಗಿಯುವ ತನಕ ಕಿವಿಯಲ್ಲಿ ಜೇನು ಹಾರಿದ ಹಾಗೆ ಇರುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡರೆ ಎಳೆ ತುಂಡಾದ ಸದ್ದು ತಿಳಿಯುವುದಿಲ್ಲವೆಂದು ಮೇಸ್ತ್ರಿ ಗದರುತ್ತಿದ್ದ. ಅದರಿಂದೇನಾಗುತ್ತದೆಂದು ಆಗ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಮಗ್ಗದಲ್ಲಿದ್ದವಳು ಚಾಮುಂಡೇಶ್ವರಿ. ವರುಣದ ಹತ್ತಿರದ ಒಕ್ಕಲು ಮನೆಯವಳು, ಪದ್ಮಾವತಿಗಿಂತ ನಾಲ್ಕು ವರ್ಷ ದೊಡ್ಡವಳು. ಮಧ್ಯಾಹ್ನದ ಊಟ ಕಳೆದು ಕಣ್ಣು ಎಳೆಯುವ ಹೊತ್ತಿಗೆ ಅವಳು ದನಿ ಎತ್ತಿ ಹಾಡುತ್ತಿದ್ದಳು. ಸೂಜಿಯಂಥ ದನಿ, ಆ ಗದ್ದಲವನ್ನೂ ತೂರಿಕೊಂಡು ಬರುತ್ತಿತ್ತು. ಒಂದು ದಿನ ಪದ್ಮಾವತಿಗೆ ತಡೆಯಲಾಗಲಿಲ್ಲ. ಇಷ್ಟು ಗದ್ದಲದಲ್ಲಿ ನನ್ನ ದನಿ ಯಾರಿಗೆ ಕೇಳೀತು ಎಂಬ ಧೈರ್ಯದಲ್ಲಿ ತಾನೂ ಹಾಡಿದಳು. ಆ ಎತ್ತರಕ್ಕೆ ಗಂಟಲು ಹತ್ತಲಿಲ್ಲ. ಕೆಳಗೆ, ತನಗೆ ಎಲ್ಲಿ ಹಾಯೆನಿಸಿತೋ ಅಲ್ಲಿ ನಿಂತು ಹಾಡಿದಳು. ಚಾಮುಂಡೇಶ್ವರಿ ಕೆಲಸ ಬಿಟ್ಟು ತಿರುಗಿ ನೋಡಿದಳು. ಗದರಿಸುವಳೇನೋ ಅಂದುಕೊಂಡರೆ, ಕೈಯಲ್ಲಿ ‘ನಿಲ್ಲಿಸಬೇಡ’ ಎಂದು ಸನ್ನೆ ಮಾಡಿದಳು. ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಮೂಲೆಯಿಂದ ಗಿರಿಜಾಂಬಾ ಕೂಡಿಕೊಂಡದ್ದು ಕೆಲವು ತಿಂಗಳ ಮೇಲೆ. ಅವಳದು ಮಾತು ಕಡಿಮೆ; ಇಬ್ಬರಿಗಿಂತಲೂ ಕಿರಿಯಳು.

ಹೀಗೆ ಏಳೆಂಟು ವರ್ಷ ನಡೆಯಿತು. ಶೆಡ್ಡಿನ ಹಿಂಗೋಡೆಗೆ ತಾಗಿಕೊಂಡಂತೆ ಸದಾಶಿವಯ್ಯನವರ ತಮ್ಮನ ಮನೆ. ಸದಾಶಿವಯ್ಯ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ತಮ್ಮನನ್ನು ನೋಡಲು ಬಂದಾಗಲೆಲ್ಲ ಗೋಡೆಯಾಚೆಯ ಹಾಡು ಕೇಳಿಸಿಕೊಳ್ಳುತ್ತಿದ್ದ ಅವರು ಒಂದು ಶನಿವಾರ ಮಗ್ಗ ನಿಂತ ಮೇಲೆ ನೇರವಾಗಿ ಒಳಕ್ಕೇ ಬಂದರು. ಬಿಳಿ ಅಂಗಿ, ನೆಟ್ಟನೆ ಬೆನ್ನು.

“ಕೆಳಗೆ ಹಾಡೋರು ಯಾರಮ್ಮ?” ಎಂದು ಕೇಳಿದರು.

ತಪ್ಪು ಸಿಕ್ಕಿಬಿದ್ದಿತೆಂದುಕೊಂಡು ಪದ್ಮಾವತಿ ನಿಂತಳು.

“ನಾನು ಸಾ. ನಂಗೆ ಮೇಲಕ್ಕೆ ಹೋಗಕಾಗಲ್ಲ. ಅದ್ಕೇ ಅಂಗೆ ಹಾಡ್ತೀನಿ.”

“ಹಂಗೆ ನುಡಿಸೋದನ್ನ ಕಲೀಲಿ ಅಂತ ಬ್ಯಾಂಡಲ್ಲಿ ನಮಗೆ ಆರು ತಿಂಗಳು ಬೈದಿದ್ರು ಕಣಮ್ಮ,” ಎಂದರು ಸದಾಶಿವಯ್ಯ. “ಇನ್ನೊಬ್ಬರ ಸ್ವರ ಕಿವೀಲಿಟ್ಕೊಂಡು ತನ್ನ ಸ್ವರ ಬಿಡದೆ ಹೋಗೋದು ಸುಲಭದ ಕೆಲಸ ಅಲ್ಲ. ನಿಂಗೆ ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ ಸಾ.”

ಅವರು ತಲೆ ಅಲ್ಲಾಡಿಸಿದರು. ಭಾನುವಾರ ವಿದ್ಯಾರಣ್ಯಪುರಂನ ತಮ್ಮ ಮನೆಗೆ ಬರಬೇಕೆಂದು ಮೂವರಿಗೂ ಹೇಳಿ ಹೋದರು.

ಆ ಮನೆಯ ಜಗುಲಿಯಲ್ಲಿ ಎರಡು ವರ್ಷ ಭಾನುವಾರ ಬೆಳಗ್ಗೆ ಪಾಠ; ಸದಾಶಿವಯ್ಯ ಮೂವರಿಗೂ ‘ಮೇಷ್ಟ್ರು’ ಆದರು. ಮೇಷ್ಟ್ರು ಕ್ಲಾರಿನೆಟ್ಟಿನಲ್ಲಿ ಒಬ್ಬೊಬ್ಬಳ ದಾರಿಯನ್ನೂ ಬೇರೆ ಬೇರೆಯಾಗಿ ನುಡಿಸಿ ತೋರಿಸುತ್ತಿದ್ದರು. ಅವರ ಬಾಯಲ್ಲಿ ಅದು ‘ಪಾರ್ಟು’. “ನಿನ್ ಪಾರ್ಟು ಬಿಟ್ಟು ಅವಳ ಪಾರ್ಟಿಗೆ ಯಾಕೆ ಹೋದೆ?” ಎಂದು ಗಿರಿಜಾಂಬಾಗೆ ವಾರವಾರವೂ ಬೈಗುಳ. ಪದ್ಮಾವತಿಗೆ ಬೈದದ್ದು ಕಡಿಮೆ. ಸೋಬಾನೆ, ತತ್ವಪದ, ಜೋಗುಳ, ಹೀಗೆ ಅವರಿಗೆ ಬರುತ್ತಿದ್ದುದಕ್ಕೆಲ್ಲ ಮೇಷ್ಟ್ರು ಮೂರು ದಾರಿ ಹಾಕಿಕೊಟ್ಟರು. ಸೋಮಮ್ಮನ ನಾಟಿ ಪದವೂ ಅದರಲ್ಲಿತ್ತು:

ನೀರು ನಿಂತ ಗದ್ದೇಲಿ ಬಾಗಿ ಪೈರು ನೆಟ್ಟೋಳೆ
ಬೆನ್ನ ಮ್ಯಾಲಿನ ಬಿಸಿಲು ಯಾರದೇ ನನ್ನವ್ವಾ

ಆ ‘ಅವ್ವಾ’ ಎಂಬಲ್ಲಿ ಮೇಲಿನ ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ. ಪದ್ಮಾವತಿ ಮಾತ್ರ ನಿಲ್ಲದೆ ಅದೇ ಸ್ವರವನ್ನು ಎಳೆದು ಹಿಡಿದು, ಅವರು ಮುಂದಿನ ಸಾಲಿಗೆ ಬರುವವರೆಗೂ ಒಬ್ಬಳೇ ಇರುತ್ತಾಳೆ. ಮೇಷ್ಟ್ರು ಹೇಳಿಕೊಟ್ಟದ್ದಲ್ಲ ಅದು. ಅವಳ ತಾಯಿ ಹಾಡುತ್ತಿದ್ದುದೇ ಹಾಗೆ, ಬಾಗಿದವಳು ಏಳದೆ, ಉಸಿರು ಬಿಡದೆ. ಮೇಷ್ಟ್ರು ಅದನ್ನು ಹಾಗೇ ಉಳಿಸಿದರು. ಇಡೀ ಹಾಡಿನಲ್ಲಿ ಅವಳ ದನಿ ಒಂಟಿಯಾಗಿ ಕೇಳುತ್ತಿದ್ದುದು ಅಲ್ಲಿ ಮಾತ್ರ.

‘ಮೂರೆಳೆ’ ಎಂಬ ಹೆಸರಿಟ್ಟವರೂ ಮೇಷ್ಟ್ರೇ. ತೊಂಬತ್ನಾಲ್ಕರಲ್ಲಿ ಮೊದಲ ಕಾರ್ಯಕ್ರಮ. ಆಮೇಲೆ ಮದುವೆ, ನಾಮಕರಣ, ಗಣಪತಿ ಪೆಂಡಾಲು, ದಸರೆಯ ಸಣ್ಣ ವೇದಿಕೆಗಳು. ‘ಮಗ್ಗದ ಅಕ್ಕಂದಿರು’ ಎಂದೇ ಜನ ಗುರುತಿಸತೊಡಗಿದರು.

ಆ ದಿನಗಳದ್ದೇ ಒಂದು ಮದುವೆ, ಊರ ಹೊರಗಿನ ಹಳ್ಳಿಯಲ್ಲಿ. ಸೋಬಾನೆ ಹಾಡಿ ಮುಗಿಸಿ ಊಟಕ್ಕೆ ಕೂತರು. ಎಲೆ ಹಾಕಿಯಾಗಿತ್ತು. ಹಿರಿಯರೊಬ್ಬರು ಬಂದು, ನೀವು ಯಾವ ಕಡೆಯವರು, ಮನೆ ಎಲ್ಲಿ, ಅಪ್ಪನ ಹೆಸರೇನು ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಪದ್ಮಾವತಿ ಹೇಳಿದಳು. ಅವರು ಹೋಗಿ ಬಡಿಸುವವನ ಕಿವಿಯಲ್ಲಿ ಏನೋ ಅಂದರು. ಆ ಬಡಿಸುವವನು ಬಂದು, ನೆಲ ನೋಡುತ್ತ, “ಈ ಅಮ್ಮಂಗೆ ಆ ಕಡೆ ಎಲೆ ಹಾಕ್ತೀವಿ,” ಎಂದ.

ಪದ್ಮಾವತಿಯ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ಅಷ್ಟರಲ್ಲಿ ಚಾಮುಂಡೇಶ್ವರಿ ಎದ್ದು ನಿಂತಿದ್ದಳು.

“ನಮಗೆ ಊಟಾನೇ ಬ್ಯಾಡ. ಏಳ್ರೇ ಇಬ್ರೂ, ನಡೀರಿ,” ಎಂದು ಪದ್ಮಾವತಿಯ ತೋಳು ಹಿಡಿದು ಎಬ್ಬಿಸಿಕೊಂಡು ಹೊರಟಳು. ಬಸ್ಸಿನ ರಸ್ತೆಯವರೆಗೂ ಮೂವರೂ ನಡೆದರು. ದಾರಿಯುದ್ದಕ್ಕೂ ಚಾಮುಂಡೇಶ್ವರಿ ಆ ಮನೆಯವರನ್ನು ಬೈಯುತ್ತಲೇ ಇದ್ದಳು. ತನ್ನದೇ ಜನ, ತನಗೆ ನಾಚಿಕೆಯಾಗುತ್ತದೆ ಎಂದು ಅತ್ತಳು. ಪದ್ಮಾವತಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಬಾಯಿಗೆ ಬಂದಿದ್ದ ಮಾತು ಬಾಯಲ್ಲೇ ಉಳಿಯಿತು.

ವರ್ಷಗಳು ಹೋದಂತೆ ಮದುವೆಗಳಿಗೆ ಆರ್ಕೆಸ್ಟ್ರಾದವರು ಬಂದರು. ಮೂರೆಳೆಯನ್ನು ಕರೆಯುವುದು ಹೆಚ್ಚಾಗಿ ನುಡಿನಮನಕ್ಕೆ ಎಂದಾಯಿತು. ಊರಿನಲ್ಲಿ ಮೇಷ್ಟ್ರೊಬ್ಬರು, ವಕೀಲರೊಬ್ಬರು, ಸಂಘಟನೆಯ ಹಿರಿಯರೊಬ್ಬರು ತೀರಿಕೊಂಡರೆ, ಸಭೆಯ ಮೊದಲಿಗೆ ಈ ಮೂವರ ಹಾಡು. ಫೋಟೋದ ಪಕ್ಕ ನಿಂತು, ಮೈಕು ಸಾಲದಿದ್ದರೆ ಮೈಕಿಲ್ಲದೆ, ಅವರು ಹಾಡುತ್ತಿದ್ದರು. ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಪದ್ಮಾವತಿಗೆ ಅದೇ ಹಿಡಿಸಿತ್ತು. ನಾಟಿ ಪದವನ್ನು ಹಾಡಿದಾಗ ‘ಅವ್ವಾ’ ಎಂಬಲ್ಲಿ ಜನ ತಲೆ ತಗ್ಗಿಸಿಬಿಡುತ್ತಿದ್ದರು. ಸೋಮಮ್ಮ ಹೋದಾಗ ಹಾಡಿದ್ದೂ ಅದನ್ನೇ, ಎರಡು ಸಾವಿರದ ಹನ್ನೆರಡರಲ್ಲಿ ಸದಾಶಿವಯ್ಯ ಮೇಷ್ಟ್ರು ಹೋದಾಗ ಹಾಡಿದ್ದೂ ಅದನ್ನೇ.

ಶೆಡ್ಡು ಅದಕ್ಕೂ ಮೂರು ವರ್ಷ ಮೊದಲೇ ಮುಚ್ಚಿತ್ತು. ಪದ್ಮಾವತಿಯ ಗಂಡ ಅಮರ್ ನಗರಪಾಲಿಕೆಯಲ್ಲಿ ಬಡಾವಣೆಗಳಿಗೆ ನೀರು ಬಿಡುವ ಕೆಲಸದವನು; ಮಗಳು ತನ್ಮಯಿ ಕಾಲೇಜಿನಲ್ಲಿದ್ದಳು. ಮೊದಲು ಗಮನಿಸಿದವಳು ತನ್ಮಯಿ. ಅಪ್ಪ ಹೊರಗಿನಿಂದ ದಪ್ಪ ದನಿಯಲ್ಲಿ ಕೂಗಿದರೆ ಅಮ್ಮ ಓಗೊಡುತ್ತಾಳೆ, ಸಣ್ಣ ದನಿಯ ತಾನು ಎದುರಿಗೇ ನಿಂತು ಹೇಳಿದರೂ ‘ಏನು?’ ಅನ್ನುತ್ತಾಳೆ. ‘ಸಾರು’ ಅಂದರೆ ‘ಯಾರು’ ಎಂದು ಕೇಳುತ್ತಾಳೆ. ಫೋನು ಬಡಿದುಕೊಳ್ಳುತ್ತಿದ್ದರೂ ಸುಮ್ಮನೆ ಕೂತಿರುತ್ತಾಳೆ.

“ಅಮ್ಮ, ಒಂದ್ಸಲ ತೋರಿಸ್ಕೊಂಡ್ ಬರೋಣ.”

“ವಯಸ್ಸಾಗದೆ, ಅಷ್ಟೇಯ ಬುಡು,” ಎಂದು ಅವಳು ಮಾತು ತೇಲಿಸುತ್ತಿದ್ದಳು.

ಆದರೆ ಹಾಡುವಾಗ ಏನೋ ಆಗುತ್ತಿದೆಯೆಂದು ಅವಳಿಗೂ ಒಳಗೇ ತಿಳಿದಿತ್ತು. ಚಾಮುಂಡೇಶ್ವರಿಯ ದನಿ ದೂರದ ಬೀದಿಯಿಂದ ಬಂದ ಹಾಗೆ ಕೇಳುತ್ತಿತ್ತು. ಒಂದೊಂದು ಹೆಜ್ಜೆ ಅವಳತ್ತ ಸರಿದು ನಿಲ್ಲತೊಡಗಿದಳು. ಕಡೆಕಡೆಗೆ ಭುಜಕ್ಕೆ ಭುಜ ತಾಗುತ್ತಿತ್ತು. ಅವಳ ತುಟಿ ನೋಡಿಕೊಂಡು, ಇಪ್ಪತ್ತು ವರ್ಷದ ರೂಢಿ ಹಿಡಿದುಕೊಂಡು ಹಾಡುತ್ತಿದ್ದಳು. ತನ್ನ ಸ್ವರ ಎಳೆಯಷ್ಟು ಕೆಳಗೆ ಜಾರುತ್ತಿರುವುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ. ಮಿಕ್ಕ ಇಬ್ಬರಿಗೆ ತಿಳಿಯುತ್ತಿತ್ತು. ಅವರು ಹೇಳಲಿಲ್ಲ.

ಎರಡು ಸಾವಿರದ ಹದಿನಾರರಲ್ಲಿ, ಮೇಷ್ಟ್ರ ನೆನಪಿಗೆಂದು ಅವರ ಮನೆಯವರೇ ಮುಂದೆ ನಿಂತು, ಎಂಟು ಹಾಡುಗಳ ಸೀಡಿ ಮಾಡಿಸಿದರು. ಗೋಕುಲಂನಲ್ಲಿ ದಿಲೀಪ್ ಎಂಬುವನ ಸ್ಟುಡಿಯೋ, ಮನೆಯೊಂದರ ಮಹಡಿಯ ಮೇಲೆ. ಕೆಳಗಡೆ ಯೋಗ ಕಲಿಯಲು ಬಂದ ಹೊರದೇಶದವರು ಚಾಪೆ ಸುತ್ತಿಕೊಂಡು ಓಡಾಡುತ್ತಿದ್ದರು. ಮೂವರಿಗೂ ಬೇರೆ ಬೇರೆ ಮೈಕು, ಬೇರೆ ಬೇರೆ ಗಾಜಿನ ಗೂಡು, ಕಿವಿಗೆ ಹೆಡ್‌ಫೋನು. ಭುಜಕ್ಕೆ ತಾಗುವ ಭುಜವಿಲ್ಲ. ಪದ್ಮಾವತಿ ನಾಲ್ಕು ದಿನ ಹಾಡಿದಳು. ಪ್ರತಿ ಸಲವೂ ದಿಲೀಪ್ “ಇನ್ನೊಂದ್ಸಲ ಆಂಟಿ” ಎನ್ನುತ್ತಿದ್ದ. ಐದನೆಯ ದಿನ “ಸಾಕು ಆಂಟಿ, ಚೆನ್ನಾಗಿ ಬಂದಿದೆ” ಎಂದ. ಅವಳು ನಿಟ್ಟುಸಿರು ಬಿಟ್ಟು ಬಸ್ಸು ಹಿಡಿದಳು.

ಸೀಡಿಯ ಹೊದಿಕೆಯ ಮೇಲೆ ಮೂವರ ಫೋಟೋ, ಮೂವರ ಹೆಸರು. ಪದ್ಮಾವತಿಯ ಹೆಸರಿನ ಮುಂದೆ ‘ಕೆಳದನಿ’ ಎಂದು ಅಚ್ಚಾಗಿತ್ತು. ಬಂದವರಿಗೆಲ್ಲ ಅದನ್ನು ಹಾಕಿ ಕೇಳಿಸಿದಳು. ಅವಳಿಗೆ ಕೇಳುತ್ತಿದ್ದುದು ಹಾಡಿನ ಮಸುಕು ಮಾತ್ರ. ಉಳಿದದ್ದನ್ನು ನೆನಪಿನಿಂದ ತುಂಬಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾಟಿ ಪದ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಎಲ್ಲೋ ಯಾರದೋ ನುಡಿನಮನದಲ್ಲಿ ಅದನ್ನೇ ಹಾಕಿದ್ದರೆಂದು ಅಮರ್ ಕೇಳಿಸಿಕೊಂಡು ಬಂದು ಹೇಳಿದ.

ಮಾರನೆಯ ವರ್ಷ ತನ್ಮಯಿ ಹಟ ಹಿಡಿದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಪದ್ಮಾವತಿ ಬಹಳ ಹೊತ್ತು ಗುಂಡಿ ಒತ್ತದೆಯೇ ಕೂತಿದ್ದಳು. ಆಚೆ ಬಂದಾಗ ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲೆ ಇಳಿಜಾರಾಗಿ ಹೋಗಿದ್ದ ಗೆರೆ ತೋರಿಸಿ, ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದಳು.

“ಮಗ್ಗದ ಶೆಡ್ಡಲ್ಲಿದ್ದೆ ಕಣಮ್ಮ. ಇಪ್ಪತ್ತೈದು ವರ್ಷ.”

ಹುಡುಗಿ ತಲೆಯಾಡಿಸಿದಳು. ಹೋದದ್ದು ವಾಪಸು ಬರುವುದಿಲ್ಲ, ಆದರೆ ಮೆಷಿನ್ನು ಹಾಕಿಕೊಂಡರೆ ಮಾತು ತಿಳಿಯುತ್ತದೆ ಎಂದಳು. ಹಾಡು? ಹಾಡು ಮೊದಲಿನ ಹಾಗೆ ಕೇಳುವುದು ಕಷ್ಟ, ಸ್ವರ ತಗಡಿನ ಹಾಗೆ ಅನ್ನಿಸಬಹುದು ಎಂದು ಮುಚ್ಚುಮರೆ ಇಲ್ಲದೆ ಹೇಳಿದಳು. ಮರೆಮಾಚದೆ ಹೇಳಿದ್ದಕ್ಕೆ ಪದ್ಮಾವತಿಗೆ ಅವಳ ಮೇಲೆ ಪ್ರೀತಿ ಬಂತು.

ಮೆಷಿನ್ನು ಬಂದ ದಿನ ಮನೆಯೆಲ್ಲ ಸದ್ದಿನ ಸಂತೆ. ನಲ್ಲಿಯ ತೊಟ್ಟಿಕ್ಕುವಿಕೆ, ಅಮರ್ ಚಪ್ಪಲಿ ಎಳೆಯುವುದು, ತನ್ನದೇ ಬಳೆ. ವಾರ ಕಳೆದು ಸ್ವಲ್ಪ ಒಗ್ಗಿದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಸೀಡಿ ಹಾಕಿದಳು. ಆ ಹುಡುಗಿ ಹೇಳಿದ ಹಾಗೇ ಸ್ವರಗಳು ಸೊಟ್ಟಸೊಟ್ಟಗೆ ಕೇಳಿದವು. ಆದರೂ ಸಾಲು ಸಾಲು ತಿಳಿಯುತ್ತಿತ್ತು. ನಾಟಿ ಪದ ಬಂತು. ‘ನನ್ನವ್ವಾ’ ಎಂಬಲ್ಲಿಗೆ ಬಂತು.

ಅಲ್ಲಿ ಹಾಡು ನಿಂತುಹೋಯಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೂರು ದನಿಯೂ ಒಟ್ಟಿಗೆ ಮುಂದಿನ ಸಾಲಿಗೆ ಬಂದವು.

ಮೆಷಿನ್ನು ಕೆಟ್ಟಿತೇನೋ ಎಂದು ತೆಗೆದು ಒರೆಸಿ ಹಾಕಿಕೊಂಡಳು. ಮತ್ತೆ ಹಾಕಿದಳು. ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅಲ್ಲಿ ಖಾಲಿ. ತಾನು ಅಲ್ಲಿ ಉಸಿರು ತೆಗೆದುಕೊಳ್ಳುವವಳಲ್ಲ, ಹುಷಾರಿಲ್ಲದಾಗಲೂ ತೆಗೆದುಕೊಂಡವಳಲ್ಲ. ಹಾಗಾದರೆ ಕೆಳಗೆ ಹಾಡುತ್ತಿರುವವಳು ತಾನಲ್ಲ. ಆ ದನಿಯನ್ನು ಮತ್ತೆ ಕಿವಿಗೊಟ್ಟು ಕೇಳಿದಳು. ಸೂಜಿಯನ್ನು ಮಲಗಿಸಿಟ್ಟ ಹಾಗಿತ್ತು. ಚಾಮುಂಡೇಶ್ವರಿಯ ದನಿ, ಬಲವಂತವಾಗಿ ತಗ್ಗಿಸಿದ್ದು.

ಅವಳು ಸೀಡಿಯನ್ನು ತೆಗೆದು ಡಬ್ಬಿಗೆ ಹಾಕಿದಳು. ವರ್ಷದಿಂದ ಬಂದವರಿಗೆಲ್ಲ ‘ಇದು ನನ್ನ ದನಿ’ ಎಂದು ಕೇಳಿಸಿದ್ದು ಒಂದೊಂದಾಗಿ ನೆನಪಿಗೆ ಬಂತು. ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ! ಗೋಡೆಗೆ ಒರಗಿ ಕೂತವಳು ಅಮರ್ ಬರುವವರೆಗೂ ಏಳಲಿಲ್ಲ.

ಮರುದಿನ ಬೆಳಗ್ಗೆ ವಿದ್ಯಾರಣ್ಯಪುರಂನ ಚಾಮುಂಡೇಶ್ವರಿಯ ಮನೆಗೆ ಹೋದಳು. ಚಾಮುಂಡೇಶ್ವರಿ ಮೊರದಲ್ಲಿ ಅವರೆಕಾಳು ಹಾಕಿಕೊಂಡು ಸುಲಿಯುತ್ತಿದ್ದಳು. ಪದ್ಮಾವತಿಯ ಮುಖ ನೋಡಿದ್ದೇ ಕೈ ನಿಂತಿತು.

“ಸೀಡೀಲಿ ಕೆಳಗೆ ಹಾಡಿರೋದು ನೀನೇ ಏನಕ್ಕ?”

ಚಾಮುಂಡೇಶ್ವರಿ ಸುಳ್ಳು ಹೇಳಲಿಲ್ಲ. “ಊಂ ಕಣೇ.”

“ಯಾಕೆ?”

“ನಿನ್ ಶ್ರುತಿ ನಿಲ್ತಿರ್ಲಿಲ್ಲ ಪದ್ಮ. ನಾಲ್ಕು ದಿನ ನೋಡುದ್ವಿ. ಆ ಹುಡುಗ ಇದಾಗಲ್ಲ ಅಂದ. ನಿನ್ನ ಬುಟ್ಟು ಇಬ್ರೇ ಹಾಡಿ ಅಂದ. ನಿನ್ ಹೆಸ್ರು ತೆಗಿಯಕ್ಕೆ ನಂಗೆ ಮನಸ್ಸು ಬರ್ಲಿಲ್ಲ. ಅದ್ನೂ ನಾನೇ ಹಾಡ್ತೀನಿ, ಹೆಸ್ರು ಅವಳ್ದೇ ಇರ್ಲಿ ಅಂದೆ.”

“ನನ್ ಕುಟೆ ಒಂದ್ ಮಾತು ಹೇಳ್ಬೋದಾಗಿತ್ತು.”

“ಎಂಗೆ ಹೇಳ್ಲೇ? ಪಾಪ, ನೊಂದ್ಕೊತೀಯ ಅಂತ...”

“ಅವತ್ತು ಆ ಮದ್ವೆ ಮನೇಲೂ ಇಂಗೇ ಮಾಡ್ದೆ ನೀನು,” ಎಂದಳು ಪದ್ಮಾವತಿ. ಇಷ್ಟು ವರ್ಷದ ಮೇಲೆ ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. “ಎಲೆ ಬ್ಯಾರೆ ಮಾಡಿದ್ದು ನಂಗೆ. ಅಂದಿದ್ದು ನಂಗೆ. ಎದ್ದು ಮಾತಾಡ್ದೋಳು ನೀನು. ನನ್ ಬಾಯಲ್ಲೂ ಮಾತಿತ್ತು ಅಕ್ಕ. ನಾನೇ ಹೇಳ್ಬೇಕು ಅಂತಿದ್ದೆ. ಆಮೇಕೆ ದಾರೀಲಿ ಅತ್ತೋಳೂ ನೀನೇ.”

ಚಾಮುಂಡೇಶ್ವರಿ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ನನ್ ಹೆಸ್ರು ತೆಗೆದಾಕಿದ್ರೆ ಒಂದಿನ ಅಳ್ತಿದ್ದೆ, ಅಷ್ಟೇಯ. ನನ್ ದನಿ ತೆಗ್ದು ಹೆಸ್ರು ಉಳ್ಸಿದ್ದೀಯ. ಈಗ ನಾನ್ ಊರೋರ್ ಮುಂದೆ ಏನಂತ ಮಕ ತೋರ್ಸ್ಲಿ?”

ಕಾಫಿ ಕುಡಿದು ಹೋಗು ಎಂದರೂ ನಿಲ್ಲದೆ ಪದ್ಮಾವತಿ ಎದ್ದು ಬಂದಳು. ಐದು ತಿಂಗಳು ಅವರಿಬ್ಬರ ನಡುವೆ ಮಾತಿರಲಿಲ್ಲ. ಕರೆ ಬಂದ ಕಡೆಗೆಲ್ಲ ಪದ್ಮಾವತಿಗೆ ಹುಷಾರಿಲ್ಲವೆಂದು ಗಿರಿಜಾಂಬಾ ಹೇಳಿ ಕಳಿಸುತ್ತಿದ್ದಳು.

ಅಷ್ಟರಲ್ಲಿ ವಿದ್ಯಾರಣ್ಯಪುರಂನ ಮಹಿಳಾ ಸಮಾಜದವರು ಮೂರೆಳೆಗೆ ಸನ್ಮಾನ ಇಟ್ಟುಕೊಂಡರು. ಹೋಗುವುದಿಲ್ಲವೆಂದು ಪದ್ಮಾವತಿ ಮೊದಲು ಅಂದಳು. ಆಮೇಲೆ, ಏನನ್ನೋ ತೀರ್ಮಾನಿಸಿದವಳ ಹಾಗೆ, ಬರುತ್ತೇನೆ ಎಂದು ಹೇಳಿ ಕಳಿಸಿದಳು. ಸಂಜೆ ಐದಕ್ಕೆ ಸಭೆ. ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಅಧ್ಯಕ್ಷೆ ಮಾತಾಡುತ್ತ, ಸೀಡಿಯ ನಾಟಿ ಪದದಲ್ಲಿ ಕೆಳಗೆ ಬರುವ ಆ ದನಿ ಕೇಳಿದರೆ ಹೆತ್ತ ತಾಯಿಯೇ ಮಾತಾಡಿದ ಹಾಗಾಗುತ್ತದೆ, ಆ ದನಿಯ ಪದ್ಮಾವತಿಯವರು ಇಲ್ಲಿದ್ದಾರೆ, ಎರಡು ಮಾತು ಆಡಬೇಕು ಎಂದು ಕೇಳಿಕೊಂಡರು. ಚಾಮುಂಡೇಶ್ವರಿ ತಲೆ ತಗ್ಗಿಸಿದಳು.

ಪದ್ಮಾವತಿ ಮೈಕಿನ ಮುಂದೆ ನಿಂತಳು. ಅಷ್ಟು ಜನರ ಮುಂದೆ ಒಬ್ಬಳೇ ಬಾಯಿ ಬಿಟ್ಟದ್ದು ಅದೇ ಮೊದಲು. ಮೆಷಿನ್ನಿನೊಳಗೆ ತನ್ನ ದನಿಯೇ ತನಗೆ ಯಾರದೋ ಅನ್ನಿಸಿತು.

“ಆ ಪದ ನಮ್ಮವ್ವಂದು,” ಎಂದಳು. “ನಮ್ಮವ್ವ ಸೋಮಮ್ಮ ಅಂತ. ನಾಟಿ ಹಾಕೋಳು. ಆದ್ರೆ ಆ ಸೀಡೀಲಿ ಕೆಳಗೆ ಹಾಡಿರೋದು ನಾನಲ್ಲ. ಚಾಮುಂಡಕ್ಕ. ನಂಗೆ ಕಿವಿ ಹೋಗದೆ. ಮಗ್ಗದ ಕೆಲ್ಸದಲ್ಲಿ ಹೋಯ್ತು. ಶ್ರುತಿ ತಿಳಿಯಕಿಲ್ಲ. ಅದ್ಕೇ ಅವಳು ಹಾಡಿ ನನ್ ಹೆಸ್ರು ಹಾಕ್ಸವ್ಳೆ. ನನ್ ಮೇಲಿನ್ ಪ್ರೀತಿಗೇ ಮಾಡವ್ಳೆ. ಆದ್ರೂ ನಂದಲ್ದಿದ್ದಕ್ಕೆ ನಂಗೆ ಶಾಲು ಬ್ಯಾಡ. ಇಪ್ಪತ್ತೆರಡು ವರ್ಷ ನಾನ್ ಹಾಡಿದ್ದೀನಿ, ಕೇಳ್ದೋರು ಇಲ್ಲಿ ಯಾರಾದ್ರೂ ಇದ್ರೆ ಅದ್ಕೆ ಹಾಕಿ. ಹಾಕುಸ್ಕೊತೀನಿ.”

ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು, “ನಮ್ ಯಜಮಾನ್ರು ಹೋದಾಗ ನೀವೇ ಬಂದು ಹಾಡಿದ್ರಿ. ನಾನ್ ಕೇಳಿದ್ದೀನಿ ಕಣಮ್ಮ,” ಎಂದರು. ಅವರ ಮಾತು ಪದ್ಮಾವತಿಗೆ ತಿಳಿಯಲಿಲ್ಲ. ತನ್ಮಯಿ ಬಂದು ಕಿವಿಯ ಹತ್ತಿರ ಹೇಳಬೇಕಾಯಿತು. ಆಗ ಅವಳು ಶಾಲಿಗೆ ತಲೆ ಬಗ್ಗಿಸಿದಳು.

ಹೊರಗೆ ಬಂದ ಮೇಲೆ ಚಾಮುಂಡೇಶ್ವರಿ ಹತ್ತಿರ ಬಂದು ನಿಂತಳು, ಮುಟ್ಟಲಿಲ್ಲ. “ನೀನ್ ಹೇಳಿದ್ದು ಒಳ್ಳೇದಾಯ್ತು,” ಎಂದಷ್ಟೇ ಅಂದಳು. ಪದ್ಮಾವತಿ “ಊಂ” ಎಂದಳು. ಅಂದಿನಿಂದ ಮಾತು ಮತ್ತೆ ಶುರುವಾಯಿತು. ಮೊದಲಿನ ಸಲಿಗೆ ಮಾತ್ರ ಕೂಡಲೇ ಬರಲಿಲ್ಲ.

ಹಾಡುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ಇಬ್ಬರೇ ಹಾಡಿ ಎಂದಳು; ಅವರು ಒಪ್ಪಲಿಲ್ಲ. ಆಮೇಲೆ ಕೊರೊನಾ ಬಂತು, ಸಭೆಗಳೇ ನಿಂತವು. ಆ ಎರಡು ವರ್ಷ ಊರಿನಲ್ಲಿ ಎಷ್ಟೋ ಸಾವಾದವು, ಒಂದಕ್ಕೂ ಹಾಡಿರಲಿಲ್ಲ. ಶೆಡ್ಡಿನ ಹಳೆಯ ಜೊತೆಗಾರ ಶಾಮಣ್ಣನೂ ಅದರಲ್ಲೇ ಹೋದ.

ಕೊರೊನಾ ಕಳೆದ ಮೇಲೆ ಶಾಮಣ್ಣನ ಮಕ್ಕಳು ವರ್ಷದ ನೆನಪಿಗೆ ಒಂದು ಚಿಕ್ಕ ಸಭೆ ಇಟ್ಟುಕೊಂಡು, ಅಪ್ಪನಿಗೆ ನೀವು ಹಾಡಲೇಬೇಕು ಎಂದು ಗಿರಿಜಾಂಬಾಳ ಮನೆಗೆ ಬಂದರು. ಗಿರಿಜಾಂಬಾ ಇಬ್ಬರನ್ನೂ ಕರೆಸಿದಳು. ಮೂವತ್ತು ವರ್ಷದಲ್ಲಿ ತಂಡದ ವಿಷಯಕ್ಕೆ ಅವಳು ಬಾಯಿ ಹಾಕಿದ್ದು ಅಪರೂಪ.

“ಪದ್ಮಕ್ಕ, ನೀನು ಕೆಳಗೆ ಹಾಡೋಕಾಗಲ್ಲ, ಸರಿ. ಚಾಮುಂಡಕ್ಕನ ಸ್ವರ ಕೇಳಿದ್ರೆ ತಾನೆ ಕೆಳಗಿನದು ಬರೋದು? ನೀನು ಮೇಲಿನದು ಹಾಡು. ಎತ್ಕೊಳ್ಳೋಳಿಗೆ ಇನ್ನೊಬ್ಬರ ಸ್ವರ ಕೇಳ್ಬೇಕು ಅಂತೇನಿಲ್ಲ. ನೀನು ಎಲ್ಲಿಗೆ ಹೋದ್ರೂ ನಾವಿಬ್ರೂ ನಿನ್ನ ಹಿಂದೆ ಬರ್ತೀವಿ.”

“ನಾನ್ ಯಾವತ್ತೂ ಹಾಡು ಎತ್ಕೊಂಡೋಳಲ್ಲ ಕಣೇ. ದಾರಿ ತಪ್ತೀನಿ.”

“ತಪ್ಪು,” ಎಂದಳು ಗಿರಿಜಾಂಬಾ. “ನಾವೂ ತಪ್ತೀವಿ.”

ಅಭ್ಯಾಸ ಗಿರಿಜಾಂಬಾಳ ಮನೆಯಲ್ಲೇ. ಮೊದಲ ದಿನ ಪದ್ಮಾವತಿ ಮೆಷಿನ್ನು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಅದರ ತಗಡಿನ ಸ್ವರಕ್ಕಿಂತ ಎದೆಯೊಳಗಿನದೇ ನಂಬಿಕೆಯದಾಗಿ ಕಂಡಿತು. ತನ್ನ ಗಂಟಲಿಗೆ ಒಗ್ಗುವ ಎತ್ತರಕ್ಕೇ ನಾಟಿ ಪದ ಎತ್ತಿಕೊಂಡಳು. ಕೆಳಗೆ ಬರಬೇಕಾಗಿದ್ದ ಚಾಮುಂಡೇಶ್ವರಿ ಎರಡನೇ ಸಾಲಿಗೇ ಮೇಲಿನ ದಾರಿಗೆ ಹತ್ತಿಬಿಟ್ಟಳು; ಅರವತ್ತರ ಗಂಟಲಿನ ರೂಢಿ. ಅವಳು ನಾಲಿಗೆ ಕಚ್ಚಿಕೊಂಡದ್ದು ನೋಡಿ ಅರಿತು ಪದ್ಮಾವತಿ ನಿಲ್ಲಿಸಿದಳು. ಚಾಮುಂಡೇಶ್ವರಿ ಕೈಯಾಡಿಸಿ, “ನಂದೇ ತಪ್ಪು. ಇನ್ನೊಂದ್ಸಲ ಎತ್ಕೊ,” ಎಂದಳು. ಆ ವಾರವೆಲ್ಲ ತಪ್ಪಿದವಳು ಅವಳೇ. ಕಡೆಕಡೆಗೆ, ಜಗುಲಿಯ ಮೇಷ್ಟ್ರನ್ನು ನೆನೆದು ಮೂವರೂ ಒಂದು ಸಲ ನಕ್ಕರು.

ಶಾಮಣ್ಣನ ಸಭೆ ಭಾನುವಾರ ಬೆಳಗ್ಗೆ, ಅವನ ಮನೆಯ ಮುಂದೆಯೇ, ಶಾಮಿಯಾನದ ಕೆಳಗೆ. ಹಳೆಯ ಮಗ್ಗದವರು ಮೂವತ್ತು ನಲವತ್ತು ಜನ ಬಂದಿದ್ದರು. ಅರ್ಧಕ್ಕರ್ಧ ಜನ ಕಿವಿಗೆ ಕೈ ಅಡ್ಡ ಹಿಡಿದು ಕೂತವರೇ. ಪದ್ಮಾವತಿ ಫೋಟೋದ ಪಕ್ಕ ನಡುವೆ ನಿಂತಳು, ಇಬ್ಬರೂ ಎರಡು ಕಡೆ. ಸೋಮಮ್ಮನ ದಪ್ಪ ಗಂಟಲಿನಲ್ಲಿ ಹಾಡು ಹೊರಟಿತು. ಹಿಂದೆ ಬರುವವರು ಬಂದರೋ ಇಲ್ಲವೋ ಅವಳಿಗೆ ಕೇಳುತ್ತಿರಲಿಲ್ಲ. ಎಡಗಡೆಯ ಭುಜಕ್ಕೆ ತಾಗಿದ್ದ ಚಾಮುಂಡೇಶ್ವರಿಯ ಮೈ ಉಸಿರಿಗೆ ಏರಿಳಿಯುವುದು ಮಾತ್ರ ತಿಳಿಯುತ್ತಿತ್ತು. ಅದನ್ನು ನೆಚ್ಚಿಕೊಂಡು ನಾಲ್ಕೂ ನುಡಿ ಹಾಡಿ ಮುಗಿಸಿದಳು. ಜನ ಎದ್ದು ಒಬ್ಬೊಬ್ಬರಾಗಿ ಹೂವು ಹಾಕತೊಡಗಿದರು.

ಆಚೆ ಬಂದು, ಸೆರಗಿನ ಗಂಟು ಬಿಚ್ಚಿ ಮೆಷಿನ್ನು ಹಾಕಿಕೊಂಡಳು.

“ನಿಜ ಹೇಳ್ಬೇಕು. ಎಷ್ಟ್ ಇಳ್ದಿದ್ದೆ?” ಎಂದು ಚಾಮುಂಡೇಶ್ವರಿಯನ್ನು ಕೇಳಿದಳು.

ಚಾಮುಂಡೇಶ್ವರಿ ಗಿರಿಜಾಂಬಾಳ ಮುಖ ನೋಡಿದಳು. ಆಮೇಲೆ ಪದ್ಮಾವತಿಯ ಕಡೆಗೇ ತಿರುಗಿ, ತುಟಿ ಕಾಣುವ ಹಾಗೆ ನಿಂತು ಹೇಳಿದಳು: “ಒಂದ್ ಸ್ವರ ಪೂರ್ತಿ ಇಳ್ದಿದ್ದೆ ಕಣೇ.”

“ನೀವು?”

“ನಾವೂ ಇಳ್ದೊ.”